ಹದಿನಾಲ್ಕು ಡಿಗ್ರಿ ವಾರೆ

"ಅಕ್ಕಾ, ಇಲ್ಲಿ ಬಾ! ಪಾಯ ವಾರೆ ಆಯ್ದು. ಒಂದಲ್ಲ ಎರಡಲ್ಲ, ಹದಿನಾಲ್ಕು ಡಿಗ್ರಿ!"

ನಂದನ ಹೆಗಡೆ ಇಷ್ಟು ಕೂಗಿದ್ದೇ ತಡ, ಗಾರೆ ಕಲಸುತ್ತಿದ್ದ ತಿಮ್ಮಿಯ ಸಲಿಕೆ ನಿಂತಿತು. ಬಾಗಿಲ ಚೌಕಟ್ಟಿಗೆ ಅರಿಶಿನ ಹಚ್ಚುತ್ತಿದ್ದ ಶ್ರೀವಾಣಿಯ ಕೈ ನಿಂತಿತು. ಮಾದೇವ ಮೇಸ್ತ್ರಿ ಹಿಡಿದ ತೂಗುಗುಂಡು ಮಾತ್ರ ನಿಲ್ಲಲಿಲ್ಲ. ಅದು ದಾರದ ತುದಿಯಲ್ಲಿ ಅತ್ತಿತ್ತ ತೂಗಾಡಿತು. ಇಪ್ಪತ್ತೆರಡು ವರ್ಷ ಗೋಡೆ ಎಬ್ಬಿಸಿದವ ಅವನು. ಗುಂಡು ಹೀಗೆ ನಿಲ್ಲದೆ ಹೋದದ್ದು ಅವನಿಗೇ ಹೊಸದು.

ಜಾಗ ಇಸಳೂರು. ಶಿರಸಿ ಪೇಟೆ ಕಾಲು ಚಾಚಿ ಕಾಲು ಚಾಚಿ ಅಲ್ಲಿಯವರೆಗೆ ಬಂದು, ವಾರಕ್ಕೊಂದು ಹೊಸ ಮನೆಯ ಪಾಯ ತೋಡುತ್ತಿದ್ದ ಕಾಲ. ಮೊಬೈಲ್ ಟವರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶ್ರೀವಾಣಿ ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ಗಂಡ ವೆಂಕಟ್ರಮಣ ಸೊಸೈಟಿಯಲ್ಲಿ ಗುಮಾಸ್ತ. ಇಬ್ಬರೂ ಸೇರಿ ಕಟ್ಟಿಸುತ್ತಿದ್ದ ಮನೆಗೆ ಆ ದಿನ ಎದುರು ಬಾಗಿಲು ನಿಲ್ಲಿಸುವ ಮುಹೂರ್ತ. ಹನ್ನೊಂದು ನಲವತ್ತಕ್ಕೆ. ಭಟ್ಟರನ್ನು ಕರೆತರಲು ವೆಂಕಟ್ರಮಣ ಬೈಕು ಹತ್ತಿ ಹೋಗಿದ್ದ. ಹೊನ್ನೆ ಮರದ ಚೌಕಟ್ಟು ಚಿರೆಕಲ್ಲಿನ ರಾಶಿಗೆ ಒರಗಿಕೊಂಡು, ತಲೆಗೆ ಮಾವಿನ ಎಲೆ ಕಟ್ಟಿಸಿಕೊಂಡು, ಮದುಮಗನ ಹಾಗೆ ಕಾದಿತ್ತು. ಗೋಡೆ ಇನ್ನೂ ಒಂದು ಸಾಲೂ ಎದ್ದಿರಲಿಲ್ಲ. ಮನೆ ಅಂದರೆ ಆಗ ನೆಲದಿಂದ ಎರಡಡಿ ಎತ್ತರದ ಪಾಯ, ಅಷ್ಟೆ.

ಬಾಗಿಲು ಮೂಡು ದಿಕ್ಕಿಗೆ ನೆಟ್ಟಗೆ ಇರಬೇಕು ಎಂಬುದು ಮನೆಯವರ ಕರಾರು. ನೆಟ್ಟಗೇ ಇದೆ ಎಂಬುದು ಮಾದೇವನ ಮಾತು. ಆ ಮಾತಿಗೇ ಈಗ ಸಂಚಕಾರ ಬಂದಿತ್ತು.

ನಂದನ ಎಂದರೆ ಶ್ರೀವಾಣಿಯ ತಮ್ಮ. ಯಲ್ಲಾಪುರದ ಕಡೆ ವಜ್ರಳ್ಳಿಯವ. ತೋಟದ ಕೆಲಸದ ನಡುವೆ ಹುಬ್ಬಳ್ಳಿಗೆ ಹೋಗಿ ಹತ್ತು ದಿನದ ವಾಸ್ತು ತರಗತಿ ಮುಗಿಸಿ, ಒಂದು ಪ್ರಮಾಣಪತ್ರ ಮತ್ತು ಒಂದು ದಿಕ್ಸೂಚಿ ತಂದಿದ್ದ. ಹಿತ್ತಾಳೆಯ ಡಬ್ಬಿ, ಗಾಜಿನ ಮುಚ್ಚಳ, ಒಳಗೆ ಕೆಂಪು ತುದಿಯ ಮುಳ್ಳು. ಕೆಟ್ಟ ಮನುಷ್ಯ ಅಲ್ಲ. ಅಕ್ಕನ ಮನೆ ಚೆನ್ನಾಗಿ ಆಗಲಿ ಎಂದು ಬೆಳಗಿನ ಮೊದಲ ಬಸ್ಸಿಗೇ ಬಂದವ. ಕಣ್ಣು ಸ್ವಲ್ಪ ಮಂದ, ಆದರೆ ಕನ್ನಡಕ ಹಾಕಲು ನಾಚಿಕೆ. ಹಾಗಾಗಿ ಪಾಯದ ಮೇಲೆ ಮಂಡಿಯೂರಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಮುಳ್ಳು ಓದುತ್ತಿದ್ದ.

"ಎಂತ ಹೇಳ್ತಾ ಇದ್ದೆ ತಮಾ? ಸರಿಯಾಗಿ ನೋಡಿದ್ಯಾ?" ಎಂದಳು ಶ್ರೀವಾಣಿ.

"ಮೂರು ಸಲ ನೋಡ್ದೆ. ಬಾಗಿಲು ಮೂಡಕ್ಕಿಲ್ಲೆ, ಆಗ್ನೇಯಕ್ಕೆ ತಿರುಗಿದ್ದು. ಬೆಂಕಿ ಮೂಲೆ! ಈ ಪಾಯದ ಮೇಲೆ ಚೌಕಟ್ಟು ನಿಲ್ಸುಲಾಗ. ಒಡೆಯವು."

ಒಡೆಯುವುದು. ಮಾದೇವ ತೂಗುಗುಂಡನ್ನು ಕೆಳಗಿಟ್ಟ. ಪಾಯ ಒಡೆದರೆ ಕಲ್ಲು ಹೋದೀತು, ಸಿಮೆಂಟು ಹೋದೀತು, ಅವೆಲ್ಲ ಮತ್ತೆ ಬಂದಾವು. ಆದರೆ ಮಾದೇವ ಮೇಸ್ತ್ರಿ ಹಾಕಿದ ಪಾಯ ಒಡೆದರಂತೆ ಎಂಬ ಸುದ್ದಿ ಇಸಳೂರು ದಾಟಿ, ಶಿರಸಿ ದಾಟಿ, ಸಂತೆಯ ಹೊತ್ತಿಗೆ ಸಿದ್ದಾಪುರ ಮುಟ್ಟೀತು. ಮೇಸ್ತ್ರಿಗೆ ಇರುವುದು ಅದೊಂದೇ ಆಸ್ತಿ, 'ಅವನ ಗೆರೆ ತಪ್ಪುವುದಿಲ್ಲ' ಎಂಬ ಹೆಸರು.

"ಹೆಗಡೇರೆ, ನಮ್ಮ ಮೇಸ್ತ್ರಿ ಗೆರೆ ವಾರೆ ಆದ್ದು ನಾ ಕಂಡಿಲ್ಲ," ಎಂದಳು ತಿಮ್ಮಿ, ಸಲಿಕೆಯ ಮೇಲೆ ಗಲ್ಲ ಊರಿ. ಎಂಟು ವರ್ಷ ಮಾದೇವನ ಜೊತೆ ಗಾರೆ ಹೊತ್ತವಳು. ಅವನನ್ನು ಬಯ್ಯುವ ಹಕ್ಕು ತನಗೊಬ್ಬಳಿಗೇ ಎಂದು ತಿಳಿದವಳು. "ನಿಮ್ಮ ಡಬ್ಬಿಗೆ ಬಸ್ಸಲ್ಲಿ ವಾಂತಿ ಬಂದು ತಲೆ ತಿರುಗಿರ್ಬೇಕು."

"ನಂಗೊಂದು ಸಲ ತೋರ್ಸಿ," ಎಂದ ಮಾದೇವ.

ನಂದನ ಎದ್ದು ದೂರ ಸರಿದ. ಮಾದೇವ ಕುಕ್ಕರುಗಾಲಲ್ಲಿ ಕೂತು ನೋಡಿದ. ಮುಳ್ಳು ಒಂದೆರಡು ಸಲ ತಲೆಯಾಡಿಸಿ ನಿಂತಿತು. ಕೆಂಪು ತುದಿ ಅವನ ಪಾಯದ ಅಂಚಿಗೆ ಹೆಚ್ಚುಕಡಿಮೆ ಸಮಕ್ಕೆ, ಉತ್ತರಕ್ಕೆ ಮುಖ ಮಾಡಿ ಮಲಗಿತ್ತು.

"ಸಮ ಉಂಟಲ್ರಾ!"

"ಎಲ್ಲಿ?" ನಂದನ ಮತ್ತೆ ಮಂಡಿಯೂರಿ ಬಗ್ಗಿದ. "ಸಮ ಇಲ್ಲೆ, ಇಲ್ಲೆ. ಹದಿನಾಲ್ಕು!"

ಮಾದೇವ ಅವನ ಭುಜದ ಮೇಲಿಂದ ಇಣುಕಿದ. ಹೌದು. ಮುಳ್ಳು ಪಡುವಲಿಗೆ ವಾಲಿತ್ತು. ನಂದನ ಎದ್ದ, ಮುಳ್ಳು ನೆಟ್ಟಗಾಯಿತು. ಕೂತ; ವಾಲಿತು.

ಮಾದೇವನ ತಲೆ ಗಿರ್ರೆಂದಿತು. ದಿಕ್ಕು ಅಂದರೆ ದಿಕ್ಕು. ಹೆಗಡೇರು ಕೂತರೆ ಒಂದು, ಮೇಸ್ತ್ರಿ ಕೂತರೆ ಒಂದು ಆಗುವುದಕ್ಕೆ ಅದೇನು ಚಾದಂಗಡಿಯ ಬೆಂಚೆ?

"ಮುಳ್ಳಿಗೂ ದೊಡ್ಡೋರು ಸಣ್ಣೋರು ಗೊತ್ತಾತದೆ ಹೇಳಿ ಆಯ್ತು," ಎಂದು ತಿಮ್ಮಿ ನಕ್ಕಳು. "ಯಾರು ಕೂತ್ರೆ ಅವ್ರಿಗೆ ಬೇಕಾದ ಮಾತು ಹೇಳ್ತದೆ."

ನಂದನನಿಗೆ ನಗು ಬರಲಿಲ್ಲ. ಎದ್ದು ನಿಂತು ನಾಲ್ಕೂ ಕಡೆ ನೋಡಿದ. ಮೂಡು ದಿಕ್ಕಿನ ದಿಬ್ಬದ ಮೇಲೆ ಕೆಂಪು ಬಿಳಿ ಪಟ್ಟೆಯ ಟವರು ಕಂಡಿತು. ಅವನ ಮುಖ ಬೆಳಗಿತು.

"ಅದು! ಆ ಟವರಿನ ತರಂಗ. ಹಗಲೂ ರಾತ್ರಿ ಹೊಡೀತಾ ಇದ್ದು. ಗುಬ್ಬಿ ಓಡಿಹೋದ್ದೂ ಅದರಿಂದಲೇ ಹೇಳಿ ಜನ ಹೇಳ್ತ. ಮುಳ್ಳನ್ನ ಎಳೀತಾ ಇದ್ದು ಅಕ್ಕಾ!"

"ಎಳೆದ್ರೆ ಅದರ ಬದಿಗೆ ಎಳೆಯವಲ್ದಾ? ಟವರು ಮೂಡ್ಲಾಗಿದ್ದು, ಮುಳ್ಳು ಪಡುವಲಾಗಿ ಹೋಗ್ತು," ಎಂದಳು ಶ್ರೀವಾಣಿ.

"ಎಳೀತಿಲ್ಲೆ, ದೂಡ್ತಿಕ್ಕು," ಎಂದ ನಂದನ.

ಶ್ರೀವಾಣಿ ಅರಿಶಿನದ ಕೈಯನ್ನು ಸೆರಗಿಗೆ ಒರೆಸಲು ಹೋಗಿ, ನೆನಪಾಗಿ, ಚಿರೆಕಲ್ಲಿಗೆ ಒರೆಸಿದಳು. ಪಾಠ ಹೇಳುವಾಗಿನ ದನಿ ತಾನಾಗಿ ಬಂತು. "ತರಂಗದೊಳಗೆ ಅಯಸ್ಕಾಂತದ ಸೆಳೆತ ಇರ್ತು, ಅದು ಹೌದು. ಆದ್ರೆ ಅದು ಒಂದೇ ಬದಿಗೆ ಎಳೀತಿಲ್ಲೆ. ಈ ಕಡೆ ಒಂದು ಸಲ, ಆ ಕಡೆ ಒಂದು ಸಲ. ಕೆರೆಗೆ ಕಲ್ಲು ಹಾಕಿರೆ ನೀರು ಮೇಲೆ ಕೆಳಗೆ ಆಗ್ತಲಾ, ಹಂಗೆ. ಸೆಕೆಂಡಿಗೆ ತೊಂಬತ್ತು ಕೋಟಿ ಸಲ."

"ಎಷ್ಟು ಅಂದ್ರಿ ಅಕ್ಕೋರೆ?" ಎಂದ ಮಾದೇವ.

"ತೊಂಬತ್ತು ಕೋಟಿ ಸಲ, ಮೇಸ್ತ್ರಿ. ಒಂದು ಸೆಕೆಂಡಿಗೆ."

ಮಾದೇವ ಯೋಚಿಸಿದ. "ನನ್ನ ಯಾರಾದ್ರೂ ಹಂಗೆ ಬಾ, ಹೋಗು, ಬಾ, ಹೋಗು ಅಂದ್ರೆ ನಾ ಎಲ್ಲಿಗೂ ಹೋಗುದಿಲ್ಲ. ಕೂತಲ್ಲೇ ಕೂತ್ಬಿಡ್ತೆ."

"ಮುಳ್ಳೂ ಅದನ್ನೇ ಮಾಡ್ತದೆ! ಅದಕ್ಕೆ ತಿರುಗ್ಲಿಕ್ಕೆ ಪುರುಸೊತ್ತೇ ಇಲ್ಲ." ಶ್ರೀವಾಣಿಗೆ ಖುಷಿಯಾಯಿತು. ಆದರೆ ಆ ಖುಷಿ ಒಂದೇ ಗಳಿಗೆ. ಟವರು ಅಲ್ಲದಿದ್ದರೆ ಮತ್ತೆ ಯಾವುದು? ಪಾಯದೊಳಗಿನ ಕಬ್ಬಿಣದ ಸರಳೆ? ಸರಳಾದರೆ ಮೇಸ್ತ್ರಿ ಕೂತಾಗಲೂ ಎಳೆಯಬೇಕಿತ್ತು. ದಿಕ್ಸೂಚಿಯನ್ನು ಪಾಯದಿಂದ ಇಳಿಸಿ ಹುಲ್ಲಿನ ಮೇಲಿಟ್ಟರು. ನಂದನ ಬಗ್ಗಿದ, ವಾಲಿತು. ಮರಳಿನ ರಾಶಿಯ ಮೇಲಿಟ್ಟರು. ಅಲ್ಲಿ ಅವನು ಇನ್ನಷ್ಟು ಬಗ್ಗಬೇಕಾಯಿತು. ಇಪ್ಪತ್ತು ಡಿಗ್ರಿ ವಾಲಿತು.

"ಭೂಮಿಯೇ ಸರಿ ಇಲ್ಲೆ," ಎಂದ ನಂದನ, ಬೆವರು ಒರೆಸಿಕೊಳ್ಳುತ್ತ. ನಂತರ ಮಾದೇವನ ಕಡೆ ತಿರುಗಿದ. "ಅಲ್ಲ ಮೇಸ್ತ್ರಿ, ನೀವು ಗೆರೆ ಹಾಕಿದ್ದು ಹೇಗೆ? ದಿಕ್ಸೂಚಿ ಇತ್ತಾ?"

ಬಂತು. ಈ ಪ್ರಶ್ನೆ ಬಂದೀತು ಎಂದು ಮೂರು ತಿಂಗಳಿಂದ ಮಾದೇವ ಹೆದರಿಕೊಂಡಿದ್ದ.

"ನೆರಳಲ್ಲಿ," ಎಂದ. "ನಮ್ಮ ದೊಡ್ಡ ಮೇಸ್ತ್ರಿ ಹೊನ್ನಣ್ಣ ಕಲಿಸಿದ್ದು. ನೆಲ ಸಪಾಟು ಮಾಡಿ ಗೂಟ ನೆಡುದು. ಸುತ್ತ ಒಂದು ವೃತ್ತ ಎಳೆಯುದು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಕಲ್ಲು. ಮಧ್ಯಾಹ್ನ ಮೇಲೆ ನೆರಳು ಮತ್ತೆ ಉದ್ದ ಆಗಿ ಆಚೆ ಬದಿ ವೃತ್ತ ಮುಟ್ಟಿದಲ್ಲಿ ಇನ್ನೊಂದು ಕಲ್ಲು. ಎರಡಕ್ಕೂ ದಾರ ಕಟ್ಟಿದ್ರೆ ಮೂಡು-ಪಡು."

"ಅಷ್ಟೇಯಾ?"

"ಅಷ್ಟೆ," ಎನ್ನಬಹುದಿತ್ತು. ಮುಳ್ಳು ಅವನ ಪಕ್ಷದಲ್ಲೇ ಇತ್ತು, ಅವನು ಕೂತಾಗಲಾದರೂ. ಆದರೆ ನಾಲಿಗೆ ಆ ಮಾತಿಗೆ ಏಳಲಿಲ್ಲ. ಹೊನ್ನಣ್ಣ ಸಾಯುವ ಮೊದಲು ತಾನು ಗಾರೆ ಮೆತ್ತುವ ಕರಣೆಯನ್ನು ಅವನ ಕೈಗೆ ಕೊಟ್ಟು, ಗೋಡೆಗೆ ಸುಳ್ಳು ಹೇಳಬೇಡ, ಮಳೆಗಾಲಕ್ಕೆ ಅದು ಬಾಯಿಬಿಡ್ತದೆ ಎಂದಿದ್ದ.

"ಒಂದು ತಪ್ಪಾಗಿತ್ತು," ಎಂದ ಮಾದೇವ, ಕಾಲಬೆರಳು ನೋಡುತ್ತ. "ದೀಪಾವಳಿ ಕಳೆದ ವಾರ. ಬೆಳಗಿನ ಕಲ್ಲು ಇಟ್ಟೆ. ಮಧ್ಯಾಹ್ನಕ್ಕೆ ಮೋಡ ಬಂತು. ನೆರಳೇ ಇಲ್ಲ. ಎರಡನೇ ಕಲ್ಲು ಮರುದಿನ ಮಧ್ಯಾಹ್ನ ಇಟ್ಟದ್ದು. ಒಂದು ದಿನದ ಬೆಳಿಗ್ಗೆಗೂ ಇನ್ನೊಂದು ದಿನದ ಸಂಜೆಗೂ ಗಂಟು ಹಾಕಿದ್ದೆ."

"ಎಂತಕ್ಕೆ ಬಾಯಿ ಬಿಟ್ಟೆ ಮಾರಾಯ!" ತಿಮ್ಮಿ ಹಣೆ ಬಡಿದುಕೊಂಡಳು. "ಕೇಳಿದ್ದು ಯಾರು ಮೋಡದ ಸುದ್ದಿ?"

"ನೋಡ್ದ್ಯಾ ಅಕ್ಕಾ? ಆನು ಹೇಳಿದ್ದೇ ಆತು!" ಎಂದ ನಂದನ.

ಶ್ರೀವಾಣಿಗೂ ಈಗ ಸಂಶಯ. ಖಾಲಿ ಸಿಮೆಂಟು ಚೀಲದ ಕಾಗದ ಹರಿದು, ಬಡಗಿ ಬಿಟ್ಟುಹೋದ ಪೆನ್ಸಿಲ್ಲು ಹುಡುಕಿ, ಚಿರೆಕಲ್ಲಿನ ಮೇಲೆ ಕೂತು ಲೆಕ್ಕ ಹಾಕತೊಡಗಿದಳು. ವರ್ಷದಲ್ಲಿ ಸೂರ್ಯ ಎಷ್ಟು ಉತ್ತರಕ್ಕೆ, ಎಷ್ಟು ದಕ್ಷಿಣಕ್ಕೆ ಹೋಗುತ್ತಾನೆ, ಕಾರ್ತಿಕದಲ್ಲಿ ದಿನಕ್ಕೆ ಎಷ್ಟು ಸರಿಯುತ್ತಾನೆ. ಕೂಡಿಸಿ, ಕಳೆದು, ಗೀಚಿ ಹಾಕಿ, ಮತ್ತೆ ಬರೆದಳು. ಮಾದೇವ ಅವಳ ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತ ನಿಂತ. ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯುವುದನ್ನು ಹೀಗೇ ನೋಡುತ್ತ ನಿಂತದ್ದು ಅವನಿಗೆ ನೆನಪಾಯಿತು.

"ಮೇಸ್ತ್ರಿ," ಎಂದಳು ಕೊನೆಗೆ, "ಒಂದು ದಿನದ ತಪ್ಪು ಅಂದ್ರೆ ಕಾಲು ಡಿಗ್ರಿ. ಹತ್ತು ಅಡಿ ಗೋಡೆಗೆ ಬಹಳ ಅಂದ್ರೆ ಅರ್ಧ ಇಂಚು."

"ಅರ್ಧ ಇಂಚಾ?"

"ಅಷ್ಟೇ."

ಮಾದೇವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಿರೆಕಲ್ಲಿನ ಕೆಲಸದಲ್ಲಿ ಅರ್ಧ ಇಂಚು ಗಾರೆಯ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಆ ಅರ್ಧ ಇಂಚಿಗೆ ಮೂರು ತಿಂಗಳು ಅನ್ನ ರುಚಿಸಿರಲಿಲ್ಲ.

"ಹಂಗಾರೆ ಉಳಿದ ಹದಿಮೂರು ಮುಕ್ಕಾಲು ಡಿಗ್ರಿ ಎಲ್ಲಿಂದ ಬಂತು?" ನಂದನ ಬಿಡಲಿಲ್ಲ. ಈ ಸಲ ಪಾಯದ ಆಚೆ ಬದಿಗೆ ಹೋಗಿ, ದಕ್ಷಿಣಕ್ಕೆ ಮುಖ ಮಾಡಿ ಮಂಡಿಯೂರಿದ. ಬಗ್ಗಿದ. ಬಹಳ ಹೊತ್ತು ಏಳಲೇ ಇಲ್ಲ.

"ಎಂತಾತು?" ಎಂದಳು ಶ್ರೀವಾಣಿ.

"ಈಗ... ಈಗ ಈಶಾನ್ಯಕ್ಕೆ ತೋರಿಸ್ತಾ ಇದ್ದು."

"ಈಶಾನ್ಯ ಒಳ್ಳೇದಲ್ರಾ?" ಎಂದಳು ತಿಮ್ಮಿ. "ಹಂಗಾರೆ ನೀವು ಅಲ್ಲೇ ಕೂತ್ಕಳಿ ಹೆಗಡೇರೆ. ಪಾಯ ಒಡೆಯುದೇ ಬೇಡ. ಊಟ ಅಲ್ಲಿಗೇ ತಂದ್ಕೊಡ್ತೆ."

ಹೇಳಿದವಳು ಗಾರೆಯ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು. ಸೊಂಟಕ್ಕೆ ಕೈ ಕೊಟ್ಟು ನೋಡಿದಳು. "ಒಂದ್ಸಲ ಏಳಿ. ಹಾಂ. ಕೂತ್ಕಳಿ. ಹಾಂ. ಈಗ ಮೊದಲಿನ ಬದಿಗೆ ಹೋಗಿ ಕೂತ್ಕಳಿ." ನಂದನ ತರಗತಿಯ ಹುಡುಗನ ಹಾಗೆ ಎದ್ದು, ಕೂತು, ಆಚೆ ಹೋಗಿ ಮತ್ತೆ ಕೂತ. "ಅಕ್ಕೋರೆ, ಮುಳ್ಳು ಪಡುವಲಿಗೂ ಇಲ್ಲ, ಮೂಡಲಿಗೂ ಇಲ್ಲ. ಹೆಗಡೇರ ಎಡಗೈ ಬದಿಗೇ ಹೋತದೆ. ಎತ್ತ ಕೂತ್ರೂ ಎಡಗೈ ಬದಿಗೇ. ಎದೆಯೊಳಗೆ ಎಂತ ಇಟ್ಕಂಡಿದ್ರಿ ಹೆಗಡೇರೆ?"

ಎಲ್ಲರ ಕಣ್ಣೂ ನಂದನನ ಎದೆಗೆ ಹೋಯಿತು. ಎಡ ಜೇಬು. ಕೊರಳಿನಿಂದ ಇಳಿದ ನೀಲಿ ಪಟ್ಟಿ, ಪಟ್ಟಿಯ ತುದಿಗೆ ರೆಕ್ಸಿನ್ ಚೀಲ, ಚೀಲದೊಳಗೆ ಹೋದ ತಿಂಗಳು ಕೊಂಡ ಮೊಬೈಲು. ಬಗ್ಗುವಾಗ ಅದು ದಿಕ್ಸೂಚಿಗೆ ಗೇಣಿನಷ್ಟೂ ದೂರ ಇರಲಿಲ್ಲ.

"ತೆಗಿ ಅದನ್ನ," ಎಂದಳು ಶ್ರೀವಾಣಿ.

ತೆಗೆದು ಡಬ್ಬಿಯ ಬಳಿ ಇಟ್ಟಿದ್ದೇ ಮುಳ್ಳು ಗರಕ್ಕನೆ ಸುತ್ತಿ, ಕಳ್ಳನಿಗೆ ಬೆರಳು ತೋರಿಸಿದ ಹಾಗೆ ಅದರ ಕಡೆ ನಿಂತಿತು. ಫೋನನ್ನು ಹೊರತೆಗೆದು ಬರೀ ಚೀಲ ಇಟ್ಟರೂ ತಿರುಗಿತು. ಚೀಲದ ಮುಚ್ಚಳಕ್ಕೆ ಟಕ್ಕೆಂದು ಅಂಟುವ ಕಾಂತದ ಗುಂಡಿ ಇತ್ತಲ್ಲ, ಅದು. ಬರೀ ಫೋನು ಇಟ್ಟರೂ ತಿರುಗಿತು.

"ಫೋನೊಳಗೂ ಕಾಂತವಾ?" ಮಾದೇವ ಕೇಳಿದ.

ಶ್ರೀವಾಣಿ ನಗಲು ಶುರು ಮಾಡಿದ್ದಳು, ನಗು ನಿಲ್ಲದೆ ಕಣ್ಣಲ್ಲಿ ನೀರು. "ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳ್ತೆ ಮೇಸ್ತ್ರಿ! ಕಿವಿಗೆ ಹಿಡಿಯುವ ತೂತಿನೊಳಗೆ ಬೇಳೆಯಷ್ಟು ಕಾಂತ. ಅದರ ಬಳಿ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಸುರುಳಿಗೆ ಕರೆಂಟು ಹೋದ್ರೆ ಅದೂ ಕಾಂತ ಆಗ್ತದೆ. ಕರೆಂಟು ನಿಂತ್ರೆ ಬರೀ ತಂತಿ. ಕರೆಂಟು ಹೆಚ್ಚುಕಡಿಮೆ ಆದ ಹಾಗೆ ಒಂದನ್ನೊಂದು ಎಳೆದು, ಬಿಟ್ಟು, ಎಳೆದು, ಬಿಟ್ಟು, ಮೇಲಿನ ತೆಳು ಹಾಳೆ ನಡುಗ್ತದೆ. ಅದರಿಂದ ಗಾಳಿ ನಡುಗ್ತದೆ. ಆ ನಡುಕವೇ ನಮಗೆ ಕೇಳುವ ಮಾತು."

ಮಾದೇವ ತಲೆಯಾಡಿಸಿದ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕರೆಂಟು ಹೋದರೆ ಕಾಂತ, ಇಲ್ಲದಿದ್ದರೆ ಬರೀ ತಂತಿ. ನಡುಗಿದರೆ ಮಾತು. ಟವರಿನದು ನಡುಗಿದರೂ ಮುಳ್ಳು ಅಲ್ಲಾಡುವುದಿಲ್ಲ, ಬೇಳೆಯಷ್ಟಿನದು ಸುಮ್ಮನೆ ಕೂತರೂ ಮುಳ್ಳು ತಿರುಗುತ್ತದೆ. ಲೋಕದ ನ್ಯಾಯವೂ ಹೀಗೇ ಏನೋ.

ನಂದನ ಮೊಬೈಲನ್ನು ದೂರದ ಕಲ್ಲಿನ ಮೇಲಿಟ್ಟು ಬಂದು ಕೊನೆಯ ಸಲ ಬಗ್ಗಿದ. ಕಿವಿ ಕೆಂಪಾಗಿತ್ತು. "ಆದ್ರೂ... ಒಂದೂವರೆ ಡಿಗ್ರಿ ವ್ಯತ್ಯಾಸ ಇದ್ದು."

"ಅದು ಮುಳ್ಳಿನ ಉತ್ತರ. ನಿಜವಾದ ಉತ್ತರ ಬೇರೆ ತಮಾ. ಭೂಮಿಯ ಕಾಂತ ಭೂಮಿಯ ತುದಿಗೆ ಸರಿಯಾಗಿ ಇಲ್ಲೆ."

"ಎರಡು ಉತ್ತರ ಉಂಟಾ?" ಮಾದೇವ ಕಂಗಾಲಾದ. ಅಷ್ಟರಲ್ಲಿ ಬೈಕು ಬಂದು ನಿಂತಿತು.

ವೆಂಕಟ್ರಮಣನ ಹಿಂದಿನಿಂದ ಇಳಿದ ಭಟ್ಟರು ವಾಚು ನೋಡಿದರು. "ಹನ್ನೊಂದೂಕಾಲು. ಎಂತ ನೆಂಟಸ್ತಿಕೆ ಮಾತಾಡ್ತಾ ಕುಳಿತಿದ್ರಿ?" ನಂದನ ಒಂದೇ ಉಸಿರಿಗೆ ಎಲ್ಲ ಹೇಳಿದ. ಭಟ್ಟರು ತಾಳ್ಮೆಯಿಂದ ಕೇಳಿ, "ಅದಕ್ಕೆ ಡಬ್ಬಿ ಎಂತಕ್ಕೆ? ಸೂರ್ಯ ಹುಟ್ಟಿದ ಬದಿ ಮೂಡು. ಬೆಳಿಗ್ಗೆ ಸಂಧ್ಯಾವಂದನೆಗೆ ನಿಂತಾಗ ಅಲ್ಲಿ ಹುಟ್ಟಿದ," ಎಂದು ಟವರಿಗಿಂತ ಬಲಕ್ಕೆ, ಗುಡ್ಡದ ಇಳಿಜಾರಿಗೆ ಕೈ ಮಾಡಿದರು. ಕೈ ಹೋದದ್ದು ಮೂಡಿನಿಂದ ಆಗ್ನೇಯದ ಕಡೆಗೆ. ಸುಮಾರು ಹದಿನಾಲ್ಕೇ ಡಿಗ್ರಿ.

ನಂದನ ಬಾಯಿ ತೆರೆದ. ವೆಂಕಟ್ರಮಣ ಹೆಂಡತಿಯನ್ನು ನೋಡಿದ. ಶ್ರೀವಾಣಿ ಸಿಮೆಂಟು ಕಾಗದವನ್ನು ತಿರುವಿ ನೋಡಿದಳು.

"ಇಲ್ಲ ಭಟ್ರೆ," ಎಂದ ಮಾದೇವ. ಬೆಳಗಿನಿಂದ ಅವನಿಗೆ ಮೊದಲ ಸಲ ಒಂದು ಸಂಗತಿ ನಿಚ್ಚಳವಾಗಿ ಕಂಡಿತ್ತು. "ಸೂರ್ಯ ಇವತ್ತು ಅಲ್ಲಿ. ಯುಗಾದಿ ಹೊತ್ತಿಗೆ ಇಲ್ಲಿಗೆ ಬತ್ತಾನೆ, ನಮ್ಮ ಬಾಗಿಲ ಎದುರಿಗೆ. ಮಳೆಗಾಲಕ್ಕೆ ಅತ್ಲಾಗೆ ದಾಟಿ ಹೋತಾನೆ. ಅವ ತಿರುಗಾಡುವವ. ಅವನ ಒಂದು ದಿನದ ಹುಟ್ಟು ನಂಬಿ ಗೆರೆ ಹಾಕಿದ್ರೆ ತಿಂಗಳಿಗೊಂದು ಬಾಗಿಲು ಇಡಬೇಕು. ಅದಕ್ಕೇ ಬೆಳಗಿನದೂ ಸಂಜೆಯದೂ ಎರಡು ನೆರಳು ಹಿಡಿಯುದು. ಆ ಬದಿ ಎಷ್ಟು ವಾಲ್ತದೋ ಈ ಬದಿಯೂ ಅಷ್ಟೇ ವಾಲ್ತದೆ. ನಡುವೆ ದಾರ ಕಟ್ಟಿದ್ರೆ ವಾಲಿದ್ದು ಹೋತದೆ, ದಿಕ್ಕು ಉಳೀತದೆ."

ಭಟ್ಟರು ಕೈ ಇಳಿಸಿದರು. "ಅದೂ ಹೌದು ಮಾರಾಯ," ಎಂದರು.

"ಚೌಕಟ್ಟು ಎತ್ತಿ," ಎಂದಳು ಶ್ರೀವಾಣಿ. "ಮೇಸ್ತ್ರಿ ಗೆರೆಯ ಮೇಲೆ."

ನಾಲ್ಕು ಜನ ಎತ್ತಿದರು. ಹೊಸ್ತಿಲ ಕೆಳಗೆ ಹವಳ, ಮುತ್ತು, ಒಂದು ಚೂರು ಬಂಗಾರ ಬಿತ್ತು. ಮಾದೇವ ತೂಗುಗುಂಡು ಹಿಡಿದ. ಅದು ಒಂದೆರಡು ಸಲ ತೂಗಿ ನಿಂತಿತು. ಎರಡು ಕಂಬಕ್ಕೂ ಬಿದಿರಿನ ಆಧಾರ ಕೊಟ್ಟರು. ತೆಂಗಿನಕಾಯಿ ಒಡೆಯಿತು. ಹನ್ನೊಂದು ನಲವತ್ತಕ್ಕೆ, ಸುತ್ತ ಒಂದೂ ಗೋಡೆಯಿಲ್ಲದ ಬಯಲು ಪಾಯದ ಮೇಲೆ, ಬಾಗಿಲೊಂದೇ ನಿಂತಿತು.

ಪಾಯದ ಒಳಬದಿಯಲ್ಲಿ ಚಾಪೆ ಹಾಕಿ ಅವಲಕ್ಕಿ, ಬಾಳೆಹಣ್ಣು ಹಂಚಿದರು. ಮಾದೇವ ಕರಣೆ ತೊಳೆಯುತ್ತ ಕೇಳಿದ. "ಅಕ್ಕೋರೆ, ಮುಳ್ಳಿಂದು ಒಂದು ಉತ್ತರ, ಭೂಮಿದು ಒಂದು. ಇನ್ನು ಮುಂದೆ ಯಾರಾದ್ರೂ ಕೇಳಿದ್ರೆ ನಾ ಯಾವುದು ಹೇಳ್ಲಿ?"

"ಇವತ್ತು ನನ್ನ ಕೇಳ್ಬೇಡಿ ಮೇಸ್ತ್ರಿ. ನಂಗೇ ಯಾವ ಬದಿ ಶಾಲೆ, ಯಾವ ಬದಿ ಮನೆ ಹೇಳಿ ತಿಳೀತಾ ಇಲ್ಲ. ಬೇಸಿಗೆ ರಜೆಯಲ್ಲಿ ಬನ್ನಿ, ನಮ್ಮ ಮಕ್ಕಳಿಗೆ ಆ ನೆರಳಿನ ವೃತ್ತ ಹಾಕಿ ತೋರ್ಸಿ."

"ಮೋಡ ಇಲ್ಲದ ದಿನ ಕರೀರಿ," ಎಂದಳು ತಿಮ್ಮಿ.

ನಂದನ ಇನ್ನೂ ಕೆಳಗೆ ಅಂಗಳದಲ್ಲೇ ಇದ್ದ. ಅವಲಕ್ಕಿಗೆ ಕರೆದಾಗ ಪಾಯದ ಎಡ ಅಂಚಿಗೆ, ಮುಂದೆ ಗೋಡೆ ಏಳುವಲ್ಲಿ, ಕಾಲಿಟ್ಟು ಹತ್ತಿದ. ಅಲ್ಲಿಂದ ಚಾಪೆಗೆ ಮೂರು ಹೆಜ್ಜೆ, ನಡುವೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಎರಡನೇ ಹೆಜ್ಜೆಗೆ ನಿಂತ. ತಿರುಗಿ ಕೆಳಗಿಳಿದ. ಸುತ್ತಿ ಬಂದು ಚೌಕಟ್ಟಿನ ಎದುರು ಚಪ್ಪಲಿ ಬಿಟ್ಟ. ತಲೆ ಬಗ್ಗಿಸಿ, ಹೊಸ್ತಿಲು ತುಳಿಯದೆ, ಬಲಗಾಲು ಒಳಗಿಟ್ಟ.